ಲ್ಯಾಮಿಂಗ್ಟನ್ ರೋಡಿನ ಗ್ರೌಂಡ್ ಲೂಪ್ ಐಸೋಲೇಟರ್: ಯಾವ ಗುಂಯ್‌ಗೆ ಮದ್ದು?

ಮುಂಬಯಿಯ ಗ್ರಾಂಟ್ ರೋಡ್ ಸ್ಟೇಷನ್ ಹತ್ತಿರದ ಲ್ಯಾಮಿಂಗ್ಟನ್ ರೋಡ್ ಅಂಗಡಿಗಳಲ್ಲಿ ಸಿಗುವ ಗ್ರೌಂಡ್ ಲೂಪ್ ಐಸೋಲೇಟರ್ ಅಂಗೈಯಲ್ಲಿ ಹಿಡಿಸುವ ಡಬ್ಬಿ. ಎರಡೂ ಕಡೆ ಆಡಿಯೋ ಕೇಬಲ್ ಸಿಕ್ಕಿಸುವ ದುಂಡನೆಯ ಆರ್‌ಸಿಎ ಸಾಕೆಟ್, ಒಳಗೆ ಚಾನೆಲ್ಲಿಗೊಂದು ಟ್ರಾನ್ಸ್‌ಫಾರ್ಮರ್. ಕರೆಂಟ್ ಬೇಡ. ಭೀಮಸೇನ ಜೋಶಿಯವರ ಆಲಾಪದಲ್ಲಿ ತಂಬೂರಿಯ ಜೊತೆ ಇನ್ನೊಂದು ಶ್ರುತಿ ಗುಂಯ್‌ಗುಡುತ್ತಿದ್ದರೆ ಇದನ್ನು ಕೊಳ್ಳಬಹುದು. ಆದರೆ ಇದು ಒಂದೇ ರೋಗಕ್ಕೆ ಮದ್ದು: ಎರಡು ಉಪಕರಣಗಳು ಬೇರೆ ಬೇರೆ ಕಡೆ ಅರ್ಥ್ ಆಗಿ, ನಡುವಿನ ಕೇಬಲ್ಲಿನಲ್ಲಿ ಕರೆಂಟ್ ಸುತ್ತುವ ಗ್ರೌಂಡ್ ಲೂಪಿಗೆ. ಮೊದಲು ಪರೀಕ್ಷೆ ಆಗಲಿ.

ಆಂಪ್ಲಿಫೈಯರಿನ ಇನ್‌ಪುಟ್ ಕೇಬಲ್‌ಗಳನ್ನೆಲ್ಲ ಬಿಚ್ಚಿ, ವಾಲ್ಯೂಮ್ ಪೂರ್ತಿ ಇಳಿಸಿ. ಆಗಲೂ ಸದ್ದಿದ್ದರೆ ದೋಷ ಆಂಪ್ಲಿಫೈಯರಿನೊಳಗೇ ಇದೆ. ಹಳೆಯ ಸೆಟ್ಟಾದರೆ ಮೊದಲ ಅನುಮಾನ ಕರೆಂಟಿನ ಏರಿಳಿತ ಸಮ ಮಾಡುವ ಫಿಲ್ಟರ್ ಕೆಪಾಸಿಟರ್ ಒಣಗಿರುವುದರ ಮೇಲೆ. ಅದರ ಸದ್ದು 100 ಹರ್ಟ್ಸ್‌ನದು, ಒರಟು. ಐಸೋಲೇಟರ್ ಅದಕ್ಕೆ ಏನೂ ಮಾಡದು. ಸದ್ದು ನಿಂತರೆ ವಾಲ್ಯೂಮ್ ಸ್ವಲ್ಪ ಏರಿಸಿ, ಕೇಬಲ್‌ಗಳನ್ನು ಒಂದೊಂದಾಗಿ ಸಿಕ್ಕಿಸುತ್ತಾ ಬನ್ನಿ. ಡೊಂಬಿವಲಿಯಿಂದ ಮಾಟುಂಗದವರೆಗೆ ನಮ್ಮವರ ಫ್ಲ್ಯಾಟುಗಳಲ್ಲಿ ಮೊದಲು ನೋಡಬೇಕಾದದ್ದು ಸೆಟ್‌ಟಾಪ್ ಬಾಕ್ಸ್. ಕೇಬಲ್ ಟೀವಿ ವೈರಿನ ಜಾಲರಿ ಕಟ್ಟಡದ ಬೇರೆಲ್ಲೋ ಅರ್ಥ್‌ಗೆ ತಾಗಿರುತ್ತದೆ, ಆಂಪ್ಲಿಫೈಯರ್ ಗೋಡೆಯ ಮೂರನೇ ಪಿನ್ನಿನಿಂದ ಅರ್ಥ್ ಆಗಿರುತ್ತದೆ. ಎರಡರ ನಡುವೆ ಕೆಲವು ಮಿಲಿವೋಲ್ಟ್ ವ್ಯತ್ಯಾಸವಿದ್ದರೂ ಸಾಕು, ಆಡಿಯೋ ಕೇಬಲ್ಲಿನ ಶೀಲ್ಡಿನಲ್ಲಿ, ಅಂದರೆ ಹೊರ ಜಾಲರಿಯಲ್ಲಿ, 50 ಹರ್ಟ್ಸ್ ಕರೆಂಟ್ ಹರಿಯುತ್ತದೆ. ಟೀವಿ ವೈರ್ ಬಿಚ್ಚಿದೊಡನೆ ಸದ್ದು ಸತ್ತರೆ ರೋಗ ಲೂಪೇ. ಲ್ಯಾಪ್‌ಟಾಪಾದರೆ ಚಾರ್ಜರ್ ತೆಗೆದು ಬ್ಯಾಟರಿಯಲ್ಲಿ ನಡೆಸಿ ನೋಡಿ. ಎಲ್ಲವನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿದರೆ ಎಷ್ಟೋ ಸಲ ಪುಕ್ಕಟೆ ಗುಣವಾಗುತ್ತದೆ.

ಅರ್ಥ್ ಪಿನ್ ಮಾತ್ರ ಎಂದೂ ಕೀಳಬೇಡಿ. ಸದ್ದು ಹೋಗುತ್ತದೆ, ನಿಜ. ಒಳಗೆ ಫೇಸ್ ವೈರ್ ಸಡಿಲಾಗಿ ತಾಗಿದ ದಿನ ಇಡೀ ಕ್ಯಾಬಿನೆಟ್ಟಿನಲ್ಲಿ 230 ವೋಲ್ಟ್ ಕೂತಿರುತ್ತದೆ.

ಲೂಪ್ ಅಂತ ಖಚಿತವಾದ ಮೇಲೆ ಈ ಡಬ್ಬಿಯ ಕೆಲಸ ಮೆಚ್ಚುವಂಥದ್ದು. ಕೊಳ್ಳುವಾಗ ಮಲ್ಟಿಮೀಟರನ್ನು ಕಂಟಿನ್ಯೂಟಿಗೆ (ಎರಡು ತುದಿ ಒಳಗೆ ಜೋಡಿದ್ದರೆ ಬೀಪ್ ಅನ್ನುವ ಸೆಟ್ಟಿಂಗಿಗೆ) ಇಟ್ಟು ಇನ್‌ಪುಟ್ ಸಾಕೆಟ್ಟಿನ ಹೊರ ಉಂಗುರಕ್ಕೂ ಔಟ್‌ಪುಟ್ ಸಾಕೆಟ್ಟಿನ ಹೊರ ಉಂಗುರಕ್ಕೂ ಮುಟ್ಟಿಸಿ. ಬೀಪ್ ಬಂದರೆ ವಾಪಸ್ ಕೊಡಿ: ಗ್ರೌಂಡ್ ಒಳಗೇ ಸೇರಿದೆ. ಲೋಹದ ಡಬ್ಬಿಗಳಲ್ಲಿ ಸಾಕೆಟ್ ಮೈಗೆ ತಾಗಿಯೂ ಹೀಗಾಗುತ್ತದೆ.

ಕೊರತೆ ಬಾಸ್‌ನಲ್ಲಿದೆ. ಅಗ್ಗದ ಟ್ರಾನ್ಸ್‌ಫಾರ್ಮರಿನ ಸಣ್ಣ ಕೋರ್ ಕೆಳ ಸ್ವರಗಳನ್ನು ಪೂರ್ತಿ ದಾಟಿಸದ ಕಾರಣ ತಬಲಾದ ಡಗ್ಗಾ ತೆಳುವಾಗಿ ಕೇಳುತ್ತದೆ. ಸಬ್‌ವೂಫರ್ ಲೈನಿಗೆ ಇದು ಬೇಡ. ಟರ್ನ್‌ಟೇಬಲ್ಲಿಗಂತೂ ಬೇಡವೇ ಬೇಡ, ಅಲ್ಲಿ ಗ್ರೌಂಡ್ ವೈರನ್ನು ಆಂಪ್ಲಿಫೈಯರಿನ ಫೋನೋ ಇನ್‌ಪುಟ್ ಪಕ್ಕದ ಗ್ರೌಂಡ್ ಸ್ಕ್ರೂಗೆ ಬಿಗಿ ಮಾಡಿ. ಟೀವಿಗೂ ಆಂಪ್ಲಿಫೈಯರಿಗೂ ಬೆಳಕಿನ ಮೂಲಕ ಸದ್ದು ಸಾಗಿಸುವ ಆಪ್ಟಿಕಲ್ ಸಾಕೆಟ್ ಇದ್ದರೆ ಆ ಕೇಬಲ್ಲೇ ವಾಸಿ: ತಾಮ್ರವೇ ಇಲ್ಲದ ಮೇಲೆ ಆ ದಾರಿಯಲ್ಲಿ ಲೂಪ್ ಇಲ್ಲ.

ಡಬ್ಬಿಯನ್ನು ಆಂಪ್ಲಿಫೈಯರಿನ ಇನ್‌ಪುಟ್ ಬದಿಗೇ ಜೋಡಿಸಿ, ನಡುವಿನ ಕೇಬಲ್ ಅರ್ಧ ಮೀಟರಿನೊಳಗಿರಲಿ. ಪವರ್ ಟ್ರಾನ್ಸ್‌ಫಾರ್ಮರಿಗೆ ಅಂಟಿಸಿ ಇಟ್ಟರೆ ಅದರ ಕಾಂತಕ್ಷೇತ್ರವನ್ನೇ ಹೀರಿ ಡಬ್ಬಿಯೇ ಗುಂಯ್‌ಗುಡುತ್ತದೆ. ಒಂದಡಿ ದೂರ ಬಿಡಿ.