ಹನ್ನೊಂದು ಸೀಸೆಗಳ ಕೆಂಪುಕಣ ಪ್ಯಾನಲ್: ಬಳ್ಳಾರಿಯ ಒಂದು ರಕ್ತನಿಧಿಯ ಅನುಭವ

ಪದೇ ಪದೇ ರಕ್ತ ಪಡೆಯುವ ಥಲಸ್ಸೇಮಿಯಾ ರೋಗಿಗಳಲ್ಲಿ ಪರರ ಕೆಂಪುಕಣಗಳ ವಿರುದ್ಧ ಹುಟ್ಟಿದ ಪ್ರತಿಕಾಯ ಗುರುತಿಸಲು ಬಳ್ಳಾರಿಯ ನಮ್ಮ ರಕ್ತನಿಧಿಯಲ್ಲಿ ಬಳಸುತ್ತಿರುವ, ಓ ಗುಂಪಿನ ಕೆಂಪುಕಣಗಳ ಈ 11 ಸೀಸೆಗಳ ಪ್ಯಾನಲ್‌ನ ನಿಜವಾದ ಬೆಲೆ ಅದರ ಜೊತೆಗೆ ಬರುವ ಆಂಟಿಗ್ರಾಮ್ ಹಾಳೆಯಲ್ಲಿ, ಅಂದರೆ ಯಾವ ಸೀಸೆಯ ಕಣಗಳ ಮೇಲೆ ಯಾವ ಪ್ರತಿಜನಕಗಳು (ಪ್ರತಿಕಾಯಗಳು ಗುರಿಯಾಗಿಸುವ ಗುರುತುಗಳು) ಇವೆಯೆಂದು ತೋರಿಸುವ ಪಟ್ಟಿಯಲ್ಲಿದೆ. ಪ್ರತಿ ಲಾಟ್‌ಗೂ ಹಾಳೆ ಬದಲಾಗುವುದರಿಂದ ಹಳೆಯದನ್ನು ಮೇಜಿನ ಮೇಲೆ ಉಳಿಸಲೇಬಾರದು.

ಒಂದು ಪ್ರತಿಕಾಯ ರೋಗಿಯಲ್ಲಿ ಇಲ್ಲವೆಂದು ತಳ್ಳಿಹಾಕಬೇಕಾದರೆ, ರೋಗಿಯ ಪ್ಲಾಸ್ಮಾದೊಂದಿಗೆ ಪ್ರತಿಕ್ರಿಯಿಸದ ಕಣದಲ್ಲಿ ಆ ಪ್ರತಿಜನಕವು ಇಮ್ಮಡಿ ಪ್ರಮಾಣದಲ್ಲಿ, ಅಂದರೆ ದಾನಿಯ ತಂದೆ ತಾಯಿ ಇಬ್ಬರಿಂದಲೂ ಬಂದದ್ದಾಗಿರಬೇಕು. ಏಕೆಂದರೆ ಕಿಡ್, ಡಫಿ, ಎಂಎನ್‌ಎಸ್ ಎಂಬ ರಕ್ತಗುಂಪು ವ್ಯವಸ್ಥೆಗಳ ದುರ್ಬಲ ಪ್ರತಿಕಾಯಗಳು ಒಂಟಿ ಪ್ರಮಾಣದ ಕಣದೊಂದಿಗೆ ಸುಮ್ಮನಿದ್ದುಬಿಡಬಲ್ಲವು. ಈ ಪ್ಯಾನಲ್‌ನಲ್ಲಿ ಕಿಡ್‌ನ ಎರಡೂ ಪ್ರತಿಜನಕಗಳಿಗೆ ಇಮ್ಮಡಿ ಕಣಗಳು ಒಂದಕ್ಕಿಂತ ಹೆಚ್ಚಿರುವುದು ಮೆಚ್ಚತಕ್ಕದ್ದು. ಕೆಲ್ ರಕ್ತಗುಂಪು ವ್ಯವಸ್ಥೆಯ ದೊಡ್ಡ ಕೆ (K) ಪ್ರತಿಜನಕದ ಇಮ್ಮಡಿ ಕಣ ಅಪರೂಪವಾದ್ದರಿಂದ ಅಲ್ಲಿ ಒಂಟಿ ಪ್ರಮಾಣವನ್ನೇ ಒಪ್ಪುವ ವಾಡಿಕೆಯಿದೆ. ಅದನ್ನು ಕೊರತೆ ಎನ್ನಲಾರೆ.

ಕೊರತೆ ಬೇರೆಡೆ ಇದೆ. ಆರ್‌ಎಚ್ ರಕ್ತಗುಂಪು ವ್ಯವಸ್ಥೆಯ ದೊಡ್ಡ ಇ (E) ಪ್ರತಿಜನಕದ ವಿರುದ್ಧ ಪ್ರತಿಕಾಯ ಪತ್ತೆಯಾದ ರೋಗಿಯಲ್ಲಿ ಅದೇ ವ್ಯವಸ್ಥೆಯ ಸಣ್ಣ ಸಿ (c) ವಿರುದ್ಧದ ಪ್ರತಿಕಾಯವನ್ನು ತಳ್ಳಿಹಾಕಲು ದೊಡ್ಡ ಇ ಇಲ್ಲದ, ಸಣ್ಣ ಸಿ ಇಮ್ಮಡಿಯಾಗಿರುವ ಕಣಗಳು ಬೇಕು; ಜೊತೆಗೆ ಕಿಡ್ ಪ್ರತಿಕಾಯವೂ ಇದ್ದರೆ ಈ ಹನ್ನೊಂದರಲ್ಲಿ ಉಳಿಯುವ ಆಯ್ಕೆ ತೀರಾ ಕಿರಿದು. ಬಿಡಿ ಕಣಗಳನ್ನು ಆಯ್ದು ಕೊಡಿರೆಂದರೆ ಮಾರಾಟಗಾರರು ಇಡೀ ಪ್ಯಾನಲ್ಲನ್ನೇ ಮತ್ತೆ ಕೊಳ್ಳಲು ಹೇಳುತ್ತಾರೆ. 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲೇ ಇರಬೇಕಾದ, ಕೆಲವೇ ವಾರ ಬಾಳುವ ಸರಕನ್ನು ಬಳ್ಳಾರಿಯ ಬೇಸಿಗೆಯಲ್ಲಿ ಹೀಗೆ ದಾಸ್ತಾನಿಡುವುದು ಸಣ್ಣ ರಕ್ತನಿಧಿಗೆ ದುಬಾರಿಯೇ.