ಮಣ್ಣು, ಅಂತರ್ಜಲ ಪರೀಕ್ಷೆ: ಕಿಟ್, ಪ್ರಯೋಗಾಲಯ, ಸಲಹೆಗಾರರು – ಮೂರನ್ನೂ ಮಾಡಿಸಿದ ಮೇಲೆ

ಹಿಂದೊಮ್ಮೆ ವಾಹನ ದುರಸ್ತಿ ಗ್ಯಾರೇಜ್ ಇದ್ದ ನಿವೇಶನ ಅದು. ಕೊಳ್ಳುವ ಮೊದಲು ಅದರ ಮಣ್ಣನ್ನೂ ಕೊಳವೆಬಾವಿಯ ನೀರನ್ನೂ ಮೂರು ಬಗೆಯಲ್ಲಿ ಪರೀಕ್ಷಿಸಿ ನೋಡಿದೆ. ಯಾವುದು ಒಳ್ಳೆಯದೆಂದು ಕೇಳಿದರೆ ಹಿಂದೆಮುಂದೆ ನೋಡದೆ ಹೇಳುತ್ತೇನೆ: ಜಾಗದ ಹಿನ್ನೆಲೆ ಕೆದಕಿ, ತಾವೇ ನಿಂತು ಮಾದರಿ ತೆಗೆಯುವ ಪರಿಸರ ಸಲಹೆಗಾರರಿಗೇ ಹಣ ಕೊಡಿ.

ಮನೆಯಲ್ಲೇ ಪರೀಕ್ಷಿಸುವ ಕಿಟ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಪಿಎಚ್, ನೈಟ್ರೇಟ್, ಗಡಸುತನ ತಿಳಿಯಲು ಅದು ಸಾಕು. ಜೊತೆಗೆ ಬರುವ ಟಿಡಿಎಸ್ (ನೀರಿನಲ್ಲಿ ಕರಗಿದ ಲವಣಗಳ ಪ್ರಮಾಣ) ಮೀಟರ್ ಅಳೆಯುವುದು ನೀರಿನ ವಿದ್ಯುತ್ ವಾಹಕತೆಯನ್ನು; ಪೆಟ್ರೋಲಿನ ಬೆಂಜೀನ್ ಅದರ ಕಣ್ಣಿಗೆ ಬೀಳುವುದೇ ಇಲ್ಲ.

ನಾವೇ ಮಾದರಿ ತೆಗೆದು ಪ್ರಯೋಗಾಲಯಕ್ಕೆ ಕಳುಹಿಸುವುದು ಕಡಿಮೆ ಖರ್ಚಿನ ದಾರಿ. ನನ್ನ ತಾಳ್ಮೆ ಕೆಟ್ಟದ್ದು ಇಲ್ಲಿಯೇ. ಬೆಂಜೀನ್‌ನಂತಹ ಆವಿಯಾಗುವ ರಾಸಾಯನಿಕಗಳಿಗೆಂದು 40 ಮಿಲಿಲೀಟರ್‌ನ ಗಾಜಿನ ಸೀಸೆಗಳನ್ನು ಕೊಡುತ್ತಾರೆ. ಮಾದರಿ ಕೆಡದಿರಲೆಂದು ಒಳಗೆ ಮೊದಲೇ ಆಮ್ಲ ಹಾಕಿರುತ್ತಾರೆ. ನೀರು ಬಾಯಿಯ ಮಟ್ಟಕ್ಕಿಂತ ತುಸು ಉಬ್ಬಿ ನಿಲ್ಲುವಂತೆ ತುಂಬಿಸಬೇಕು, ಆದರೆ ಹೊರಗೆ ಚೆಲ್ಲಬಾರದು. ಚೆಲ್ಲಿದರೆ ಆಮ್ಲವೂ ಹೋಗುತ್ತದೆ. ಮುಚ್ಚಳ ತಿರುಗಿಸಿ, ಸೀಸೆ ತಲೆಕೆಳಗು ಮಾಡಿ, ಬೆರಳಿನಿಂದ ತಟ್ಟಿದಾಗ ಒಂದು ಗುಳ್ಳೆಯೂ ಏಳಬಾರದು. ಹುಡುಕುತ್ತಿರುವ ರಾಸಾಯನಿಕವೇ ಆ ಗುಳ್ಳೆಗೆ ಸೇರಿಕೊಂಡು ಮುಚ್ಚಳ ತೆರೆದಾಗ ಹಾರಿಹೋಗುತ್ತದೆ.

ನನ್ನ ಸೀಸೆಗಳಲ್ಲಿ ಪ್ರತಿ ಸಲವೂ ಗುಳ್ಳೆ. ಎಷ್ಟು ಜೋಪಾನವಾಗಿ ತುಂಬಿದರೂ ಸ್ವಲ್ಪ ಹೊತ್ತಿನಲ್ಲಿ ಸಣ್ಣ ಸಣ್ಣ ಗುಳ್ಳೆಗಳೆದ್ದು ಒಂದಾಗುತ್ತಿದ್ದವು. ಗಡಸು ನೀರಿನ ಬೈಕಾರ್ಬನೇಟ್ ಆಮ್ಲದೊಂದಿಗೆ ಸೇರಿ ಕಾರ್ಬನ್ ಡೈಆಕ್ಸೈಡ್ ಬಿಡುತ್ತಿತ್ತು! ಕೊಟ್ಟ ಸೂಚನಾಪತ್ರದಲ್ಲಿ ಈ ಮಾತೇ ಇರಲಿಲ್ಲ. ಕೇಳಿದ ಮೇಲೆ ಆಮ್ಲವಿಲ್ಲದ ಸೀಸೆಗಳನ್ನು ಕಳುಹಿಸಿದರು. ಆದರೆ ಆಗ ಮಾದರಿ ತೆಗೆದ ಮೇಲೆ ಪರೀಕ್ಷೆ ಮುಗಿಸಬೇಕಾದ 14 ದಿನಗಳ ಗಡುವು 7 ದಿನಕ್ಕೆ ಇಳಿಯುತ್ತದೆ, ಮಂಜುಗಡ್ಡೆಯ ಪೆಟ್ಟಿಗೆಯಲ್ಲಿಟ್ಟು ಅಟ್ಟಿಸಿಕೊಂಡು ಹೋದಂತೆ ತಲುಪಿಸಬೇಕು. ಕೊನೆಗೂ ವರದಿ ಬಂತು: ಬೆಂಜೀನ್ ‘ಪತ್ತೆಯಾಗಿಲ್ಲ’. ಪಕ್ಕದ ಅಂಕಣದಲ್ಲಿ ಅವರು ಅಳೆಯಬಲ್ಲ ಕನಿಷ್ಠ ಮಟ್ಟ ಲೀಟರಿಗೆ 50 ಮೈಕ್ರೋಗ್ರಾಂ ಎಂದಿತ್ತು. ಕುಡಿಯುವ ನೀರಿಗೆ ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ 10. ಹಾಗಾದರೆ ಆ ‘ಪತ್ತೆಯಾಗಿಲ್ಲ’ಕ್ಕೆ ಏನು ಬೆಲೆ?

ಮಣ್ಣನ್ನೂ ಐದು ಕಡೆಯಿಂದ ತೆಗೆದು ಬೆರೆಸಲು ಹೇಳಿದ್ದರು. ಗೊಬ್ಬರದ ಲೆಕ್ಕಕ್ಕೆ ಅದು ಸರಿ. ಒಂದು ಕಡೆ ಕಿಲೋಗ್ರಾಂಗೆ 500 ಮಿಲಿಗ್ರಾಂ ಸೀಸವಿದ್ದು ಉಳಿದ ನಾಲ್ಕು ಕಡೆ ಏನೂ ಇಲ್ಲದಿದ್ದರೆ ಬೆರೆಸಿದ ಮಣ್ಣು ತೋರಿಸುವುದು 100 ಮಾತ್ರ.

ಸಲಹೆಗಾರರು ಮೊದಲು ಮಣ್ಣು ಮುಟ್ಟಲೇ ಇಲ್ಲ. ಹಳೆಯ ನಕ್ಷೆ, ವೈಮಾನಿಕ ಚಿತ್ರ ತಿರುವಿದರು, ಗ್ಯಾರೇಜಿನಲ್ಲಿ ದುಡಿದವರನ್ನು ಮಾತನಾಡಿಸಿದರು. ಆಮೇಲೆ ಗೋಡೆಯ ಬುಡದ ಕಳೆ ಸರಿಸಿ ತೋರಿಸಿದ್ದು ನೆಲದಿಂದ ಗೇಣಷ್ಟು ಮೇಲೆ ನಿಂತಿದ್ದ ತುಕ್ಕು ಹಿಡಿದ ಕೊಳವೆ: ನೆಲದಡಿಯ ಇಂಧನ ಟ್ಯಾಂಕಿನ ಗಾಳಿ ಕೊಳವೆ ಅದು. ಅದರ ಪಕ್ಕದಲ್ಲೇ ಕೊರೆಸಿದರು. ನೀರಿನ ಮಟ್ಟ ಹತ್ತಿರವಾಗುತ್ತಿದ್ದಂತೆ ಕಂದು ಮಣ್ಣು ಬೂದು ಬಣ್ಣಕ್ಕೆ ತಿರುಗಿತು, ಆವಿ ಅಳೆಯುವ ಉಪಕರಣದ ಅಂಕಿ ಏಕಾಏಕಿ ಏರಿತು. ಪೆಟ್ರೋಲ್ ನೀರಿಗಿಂತ ಹಗುರ, ಅಂತರ್ಜಲದ ಮೇಲ್ಮೈಯಲ್ಲೇ ನಿಲ್ಲುತ್ತದೆ. ಕೊಳವೆಬಾವಿ ಮೇಲ್ಪದರವನ್ನು ಕೇಸಿಂಗ್‌ನಿಂದ ಮುಚ್ಚಿ ಆಳದಿಂದ ನೀರೆತ್ತುತ್ತದೆ. ನಾನು ತುಂಬಿದ ಸೀಸೆಗಳಿಗೆ ಇದು ಸಿಗುವ ಸಾಧ್ಯತೆ ಮೊದಲಿನಿಂದಲೂ ಕಡಿಮೆಯಿತ್ತು.

ಸಲಹೆಗಾರರ ವರದಿ ತಡ, ಶುಲ್ಕ ಹೆಚ್ಚು.

ಗಡುವು ನೋಡಿಕೊಂಡು ಮಂಜುಗಡ್ಡೆಯ ಪೆಟ್ಟಿಗೆಯ ಹಿಂದೆ ಓಡುವ ಸ್ವಭಾವ ನನ್ನದಲ್ಲ. ಕಾಗದಪತ್ರ ಕೂತು ಓದುವುದು ನನ್ನ ಅಭ್ಯಾಸ. ಹಾಗಾಗಿ ಉಳಿತಾಯವನ್ನು ಪರೀಕ್ಷೆಗಳ ಪಟ್ಟಿಯಲ್ಲಿ ಮಾಡಿದೆ: ಪೆಟ್ರೋಲಿಯಂ ಹೈಡ್ರೋಕಾರ್ಬನ್, ಬೆಂಜೀನ್ ಗುಂಪು, ಸೀಸ, ಗ್ರೀಸ್ ತೊಳೆಯುವ ಕ್ಲೋರಿನ್‌ಯುಕ್ತ ದ್ರಾವಕಗಳು, ಇಷ್ಟೇ. ಕೀಟನಾಶಕಗಳನ್ನು ಕೈಬಿಟ್ಟೆವು. ಅಷ್ಟಕ್ಕೂ ಹಣ ಸಾಲದಿದ್ದರೆ ಹಿನ್ನೆಲೆಯ ತಪಾಸಣೆಯನ್ನಷ್ಟೇ ಮೊದಲು ಮಾಡಿಸಿ. ಬರೀ ಹೊಲವಾಗಿದ್ದ ಜಾಗವಾದರೆ, ಅಳತೆಯ ಕನಿಷ್ಠ ಮಟ್ಟವನ್ನು ಮುಂಚೆಯೇ ಕೇಳಿಕೊಂಡು, ನೈಟ್ರೇಟ್, ಆರ್ಸೆನಿಕ್, ಕೀಟನಾಶಕಗಳಿಗೆ ನೀವೇ ಮಾದರಿ ಕಳುಹಿಸಬಹುದು. ನನ್ನ ನಿವೇಶನದಲ್ಲಿ ವರದಿ ಮುಂದಿಟ್ಟ ಮೇಲೆ ಟ್ಯಾಂಕ್ ತೆಗೆಸಿ ಮಣ್ಣು ಶುದ್ಧಿ ಮಾಡಿಸುವ ಹೊಣೆಯನ್ನು ಮಾರುವವರೇ ಒಪ್ಪಿಕೊಂಡರು.