ಬ್ರೈಟನ್‌ನಿಂದ ಈಸ್ಟ್‌ಬೋರ್ನ್‌ಗೆ ನಡಿಗೆ: ಮ್ಯಾಕ್‌ಮಿಲನ್ ಮೈಟಿ ಹೈಕ್

ನಮ್ಮ ಯಜಮಾನರಿಗೆ ಕಿಮೋ ನಡೆಯುವಾಗ ಮ್ಯಾಕ್‌ಮಿಲನ್ ಎಂಬ ಬ್ರಿಟನ್ನಿನ ಕ್ಯಾನ್ಸರ್ ದತ್ತಿ ಸಂಸ್ಥೆಯ ಸಹಾಯವಾಣಿಗೆ ಎಷ್ಟು ಸಲ ಫೋನ್ ಮಾಡಿದ್ದೆನೋ ಲೆಕ್ಕವಿಲ್ಲ. ಒಂದು ಪೈಸೆ ಕೇಳಲಿಲ್ಲ. ಆ ಋಣಕ್ಕೇ, ಆ ಸಂಸ್ಥೆಗೆ ಹಣ ಕೂಡಿಸಲು ಇಂಗ್ಲೆಂಡಿನ ದಕ್ಷಿಣ ಕರಾವಳಿಯಲ್ಲಿ ನಡೆಯುವ ಈ ನಡಿಗೆಗೆ ಹೆಸರು ಕೊಟ್ಟೆ. ಒಂದೇ ದಿನದಲ್ಲಿ 26 ಮೈಲಿ, ಅಂದ್ರೆ ಸುಮಾರು 42 ಕಿಲೋಮೀಟರ್. ಓಡಬೇಕಿಲ್ಲ, ನಡೆದರೆ ಸಾಕು. ಅಷ್ಟು ಆಗಲ್ಲ ಅನ್ನುವವರಿಗೆ ಅರ್ಧ ದಾರಿಯೂ ಇದೆ.

ನಿಜವಾದ ಪರೀಕ್ಷೆ ಸೆವೆನ್ ಸಿಸ್ಟರ್ಸ್. ಸಮುದ್ರದ ಅಂಚಿಗೆ ಸೀಮೆಸುಣ್ಣದಂಥ ಬಿಳಿ ಗುಡ್ಡಗಳು. ಹತ್ತು, ಇಳಿ, ಮತ್ತೆ ಹತ್ತು. ಏಳು ಅಂತ ಹೆಸರು, ನನ್ನ ಮಂಡಿ ಎಂಟು ಎಣಿಸಿತು. ಆಮೇಲೆ ನೋಡಿದರೆ ಇರೋದೇ ಎಂಟಂತೆ! ಅದು ಮುಗಿಯಿತು ಅನ್ನುವಷ್ಟರಲ್ಲಿ 162 ಮೀಟರ್ ಎತ್ತರದ ಬೀಚಿ ಹೆಡ್ ಗುಡ್ಡ.

ದಾರಿಗುರುತು ಚೆನ್ನಾಗಿತ್ತು, ತಿಂಡಿಯೂ ಧಾರಾಳ. ಆದರೂ ಹಣ್ಣಿನ ಬಾರ್ ತಿಂದು ನಾಲಿಗೆ ಸಪ್ಪೆಯಾದಾಗ ಕೈಹಿಡಿದದ್ದು ಚೀಲದಲ್ಲಿದ್ದ ಕೋಡುಬಳೆ.

ನಡೆಯುವವರು ಸಂಸ್ಥೆಗೆ ದೇಣಿಗೆ ಹಣ ಕೇಳೋಕೆ ಸಂಕೋಚ ಬೇಡ. ಕೊಡುವವರು ಬ್ರಿಟನ್ನಿನಲ್ಲಿ ತೆರಿಗೆ ಕಟ್ಟುವವರಾದರೆ 'ಗಿಫ್ಟ್ ಏಡ್' ಗುರುತು ಹಾಕಿಸಿ. ಪ್ರತಿ ಪೌಂಡಿಗೆ ಸರ್ಕಾರದಿಂದ 25 ಪೆನ್ಸ್ ಜಾಸ್ತಿ ಸೇರುತ್ತದೆ.

ಹಿಂದಿನ ವಾರ ಕೊಂಡ ಹೊಸ ಬೂಟು ಹಾಕಿಕೊಂಡು ಹೋಗಿದ್ದು ನನ್ನದೇ ಪೆದ್ದುತನ. ಎರಡು ಹಿಮ್ಮಡಿಯಲ್ಲೂ ಗೋಲಿ ಗಾತ್ರದ ಗುಳ್ಳೆ. ಕೊನೆಯಲ್ಲಿ ಕಾಯುತ್ತಿದ್ದ ಯಜಮಾನರು ಪದಕ ನೋಡಲೇ ಇಲ್ಲ. "ಮೊದಲು ಬೂಟು ಬಿಚ್ಚು" ಅಂದರು.